ತಪ್ಪು ಇಂಗ್ಲಿಷಿನ ಹಿಂದಿರುವ ಸರಿ ಕನ್ನಡ

ಉತ್ತರ ಗೋವಾದ ಒಂದು ಹೋಟೆಲಿನಲ್ಲಿ ಹೊಸ ಸಿಬ್ಬಂದಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಸಂಜೆಯ ಡ್ಯೂಟಿ ಶುರುವಾಗುವ ಮೊದಲು ಕ್ಲಾಸ್ ನಡೆಯುತ್ತದೆ. ಬರುವವರಲ್ಲಿ ನಮ್ಮ ಕಡೆಯವರೇ ಜಾಸ್ತಿ. ಸವದತ್ತಿ, ಗದಗ, ಹಾವೇರಿ, ಖಾನಾಪುರದಿಂದ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಕೆಲಸ ಹುಡುಕಿಕೊಂಡು ಬಂದ ಹುಡುಗ ಹುಡುಗಿಯರು. ಸಾವಂತವಾಡಿ ಕಡೆಯ ಮರಾಠಿ ಮಕ್ಕಳೂ ಇದ್ದಾರೆ, ಇಲ್ಲಿನದೇ ಕೊಂಕಣಿ ಮಕ್ಕಳೂ ಇದ್ದಾರೆ.

ಇವರಿಗೆ ಕಲಿಸುತ್ತ ಕಲಿಸುತ್ತ ನನಗೆ ಗಟ್ಟಿಯಾದ ನಂಬಿಕೆ ಇದು: ಇಂಗ್ಲಿಷಿನಲ್ಲಿ ಇವರು ಮಾಡುವ ಬಹುಪಾಲು ತಪ್ಪಿನ ಹಿಂದೆ ಮನೆಮಾತಿನ ಒಂದು ನಿಯಮ ಇರುತ್ತದೆ. ಅದು ಯಾವುದು ಅಂತ ಮೊದಲು ಹುಡುಕಬೇಕು. ತಿದ್ದುವುದು ಆಮೇಲಿನ ಮಾತು.

ಒಂದು ಸಂಗತಿ ಹೇಳುತ್ತೇನೆ. ವಿದೇಶಿ ಗೆಸ್ಟ್ ಬಂದರೆ ಹೋಟೆಲಿನವರು 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕು, ಅದಕ್ಕೆ ಪಾಸ್‌ಪೋರ್ಟ್ ಬೇಕು. ರಿಸೆಪ್ಷನ್ನಿನಲ್ಲಿ ನಿಂತಿದ್ದ ನಮ್ಮ ಸವದತ್ತಿ ಹುಡುಗ ನಗುನಗುತ್ತಲೇ ‘ಗಿವ್ ಮಿ ಯುವರ್ ಪಾಸ್‌ಪೋರ್ಟ್’ ಅಂದ. ವಯಸ್ಸಾದ ಆ ಹೆಂಗಸಿನ ಮುಖ ಗಂಟಾಯಿತು. ದೂರು ಮ್ಯಾನೇಜರ್ ತನಕ ಹೋಯಿತು, ಹುಡುಗನಿಗೆ ‘ಒರಟ’ ಅನ್ನುವ ಹೆಸರು ಬಂತು. ಅವನು ನನ್ನ ಹತ್ತಿರ ಬಂದು, ‘ಅಕ್ಕಾರ, ನಾ ಕೊಡು ಅಂದಿಲ್ರಿ, ಕೊಡ್ರಿ ಅಂತನ ಅಂದೇನ್ರಿ’ ಅಂದ. ಕಣ್ಣಲ್ಲಿ ನೀರಿತ್ತು.

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ‘ಕೊಡು’ ಬೇರೆ, ‘ಕೊಡಿ’ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಗಿವ್’ ಒಂದೇ. ಹಿಂದೆ ಅವರಲ್ಲೂ ಒಬ್ಬರಿಗೆ, ಸಲುಗೆಯವರಿಗೆ ‘ದೌ’ ಅಂತ ಇತ್ತು. ಅದು ಬಳಕೆ ತಪ್ಪಿ ಎಲ್ಲರಿಗೂ ‘ಯೂ’ ಉಳಿಯಿತು. ಹಾಗಾಗಿ ಅವರು ಮರ್ಯಾದೆಯನ್ನು ಬೇರೆ ಕಡೆ ತರುತ್ತಾರೆ: ಅಪ್ಪಣೆಯನ್ನು ಪ್ರಶ್ನೆ ಮಾಡುತ್ತಾರೆ, ಅದಕ್ಕೆ ‘ಕುಡ್’ ಸೇರಿಸುತ್ತಾರೆ. ನಾವೂ ಹಾಗೆ ಮಾಡುವುದುಂಟಲ್ವಾ? ‘ಸ್ವಲ್ಪ ಪಾಸ್‌ಪೋರ್ಟ್ ತೋರಸ್ತೀರೇನ್ರಿ?’ ಇದನ್ನು ಹೇಳಿಸಿ, ಆಮೇಲೆ ‘ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?’ ಅಂತ ಹೇಳಿಸಿದೆ. ಆ ಹುಡುಗನಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ.

‘ಐ ಡಿಡಂಟ್ ವೆಂಟ್’ ಅಂತ ಹೇಳುವವರು ಎಲ್ಲ ಬ್ಯಾಚಿನಲ್ಲೂ ಇರುತ್ತಾರೆ. ವ್ಯಾಕರಣದ ಪುಸ್ತಕ ತೆಗೆದು ಸಹಾಯಕ ಕ್ರಿಯಾಪದ, ಮೂಲರೂಪ ಅಂತ ಶುರು ಮಾಡಿದರೆ ಎದುರಿಗೆ ಕೂತವರ ಕಣ್ಣು ಮುಚ್ಚಿಕೊಳ್ಳುತ್ತವೆ. ನಾನು ಕೇಳುವುದು ಇಷ್ಟೇ: ‘ಹೋದೆ’ ಅನ್ನುವುದಕ್ಕೆ ‘ಇಲ್ಲ’ ಸೇರಿಸಿ. ‘ಹೋಗಲಿಲ್ಲ’ ಅನ್ನುತ್ತಾರೆ. ‘ಹೋದೆಲಿಲ್ಲ’ ಅಂತ ಯಾಕೆ ಅನ್ನಲಿಲ್ಲ? ಕ್ಲಾಸೆಲ್ಲ ನಗುತ್ತದೆ. ‘ಇಲ್ಲ’ ಬಂದ ತಕ್ಷಣ ‘ಹೋದೆ’ ತನ್ನ ಭೂತಕಾಲ ಬಿಟ್ಟು ‘ಹೋಗಲ್’ ಆಯಿತು. ‘ಡಿಡಂಟ್’ ಬಂದಾಗ ‘ವೆಂಟ್’ ಕೂಡ ಹಾಗೇ ‘ಗೋ’ ಆಗುತ್ತದೆ. ಹುಟ್ಟಿದಾಗಿನಿಂದ ಈ ನಿಯಮ ತಪ್ಪದೆ ಪಾಲಿಸಿದವರು ಇವರು. ‘ನಿಮಗೆ ಗ್ರಾಮರ್ ಬರಲ್ಲ’ ಅಂತ ಇವರಿಗೆ ಹೇಳುವುದು ಅನ್ಯಾಯ.

‘ಹಿ ಗೋಸ್’ ಅನ್ನುವಲ್ಲಿನ ಆ ಒಂದು ‘ಎಸ್’ಗೂ ಹೆದರುತ್ತಾರೆ. ಹೋಗುತ್ತೇನೆ, ಹೋಗುತ್ತೀಯ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ, ಹೋಗುತ್ತಾರೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಹೆದರಿಕೆ ಅರ್ಧ ಇಳಿಯುತ್ತದೆ.

ಲಿಂಗದ ವಿಷಯದಲ್ಲಂತೂ ನಮ್ಮವರಿಗೆ ಇಂಗ್ಲಿಷ್ ಸಲೀಸು. ಜೀವವಿಲ್ಲದ್ದೆಲ್ಲ ನಮಗೆ ‘ಅದು’, ಅವರಿಗೆ ‘ಇಟ್’. ಕೊಂಕಣಿಯಲ್ಲಿ ಮೂರು ಲಿಂಗ, ಅರ್ಥ ನೋಡಿ ಗುರುತು ಹಿಡಿಯಲು ಆಗುವುದಿಲ್ಲ. ಮರ ಅನ್ನುವ ‘ರೂಕ್’ ಗಂಡು, ದಾರಿ ಅನ್ನುವ ‘ವಾಟ್’ ಹೆಣ್ಣು, ಮನೆ ಅನ್ನುವ ‘ಘರ್’ ನಪುಂಸಕ. ಮಾರ್ಕೆಟ್ಟಿನಲ್ಲಿ ಕೊಂಕಣಿ ಮಾತಾಡಿ ನಗೆಗೀಡಾಗುವ ನಮ್ಮ ಮಕ್ಕಳಿಗೆ ನಾನು ಥಾಮಸ್ ಸ್ಟೀಫನ್ಸ್ ಬಗ್ಗೆ ಹೇಳುತ್ತೇನೆ. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಪಾದ್ರಿ ಆತ. ಕೊಂಕಣಿ, ಮರಾಠಿ ಎರಡನ್ನೂ ಕಲಿತು, ಕೊಂಕಣಿಗೆ ವ್ಯಾಕರಣವನ್ನೇ ಬರೆದ. ಆತ ತೀರಿಹೋದ ಮೇಲೆ, 1640ರಲ್ಲಿ, ಅದು ಇಲ್ಲೇ ರಾಶೋಲ್‌ನಲ್ಲಿ ಅಚ್ಚಾಯಿತು. 1583ರಲ್ಲಿ ತನ್ನ ತಮ್ಮನಿಗೋ ಅಣ್ಣನಿಗೋ ಬರೆದ ಕಾಗದದಲ್ಲಿ, ಇಲ್ಲಿನ ಭಾಷೆಗಳ ಕಟ್ಟಡ ಲ್ಯಾಟಿನ್, ಗ್ರೀಕ್ ಥರವೇ ಇದೆ ಅಂದಿದ್ದ. ಅಂದರೆ ಅವನೂ ಹೊಸ ಭಾಷೆಯನ್ನು ತನಗೆ ಗೊತ್ತಿದ್ದ ಭಾಷೆಯ ಪಕ್ಕದಲ್ಲಿಟ್ಟೇ ನೋಡಿದ. ಇದು ನನಗೆ ದೊಡ್ಡ ಧೈರ್ಯ.

ಕನ್ನಡ ಕೈಕೊಡುವ ಜಾಗಗಳೂ ಇವೆ. ‘ಇನ್’, ‘ಆನ್’, ‘ಅಟ್’ ಮೂರಕ್ಕೂ ನಮ್ಮಲ್ಲಿ ‘ಅಲ್ಲಿ’ಯೇ ಸಾಕು. ಅದಕ್ಕೆ ಉಪಾಯವಿಲ್ಲ. ‘ಆನ್ ದ ಸೆಕೆಂಡ್ ಫ್ಲೋರ್’, ‘ಅಟ್ ದ ರಿಸೆಪ್ಷನ್’, ‘ಇನ್ ದ ರೂಮ್’ ಅಂತ ಇಡಿಯಾಗಿ ಬಾಯಿಪಾಠ ಮಾಡಿಸುತ್ತೇನೆ.

ಹೋಟೆಲಿಗೆ ನಿಜವಾಗಿ ಪೆಟ್ಟು ಕೊಡುವುದು ‘ಯೆಸ್’ ಮತ್ತು ‘ನೋ’. ಫ್ರಂಟ್ ಆಫೀಸಿನಿಂದ ಫೋನ್ ಬರುತ್ತದೆ: ‘ಈಸಂಟ್ ಟೂ ಜೀರೋ ಫೋರ್ ರೆಡಿ ಯೆಟ್?’ ಹೌಸ್‌ಕೀಪಿಂಗ್ ಹುಡುಗಿ ‘ಯೆಸ್ ಸರ್’ ಅನ್ನುತ್ತಾಳೆ. ಗೆಸ್ಟ್ ಕೈಗೆ ಚಾವಿ ಹೋಗುತ್ತದೆ. ಬಾಗಿಲು ತೆಗೆದರೆ ಹಾಸಿಗೆಯ ಮೇಲೆ ಹಳೇ ಬೆಡ್‌ಶೀಟ್ ಮುದ್ದೆಯಾಗಿ ಬಿದ್ದಿದೆ, ಬಾತ್‌ರೂಮಿನಲ್ಲಿ ಬಕೆಟ್, ಬ್ರಷ್. ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ‘ರೆಡಿ ಆಗಿಲ್ವಾ?’ ಅಂದರೆ ನಾವು ‘ಹೌದು, ಆಗಿಲ್ಲ’ ಅನ್ನುತ್ತೇವೆ. ನಮ್ಮ ‘ಹೌದು’ ಕೇಳಿದವರ ಮಾತಿಗೆ ಒಪ್ಪಿಗೆ. ಇಂಗ್ಲಿಷಿನ ‘ಯೆಸ್’ ರೂಮು ರೆಡಿ ಆಗಿದ್ದರೆ ಮಾತ್ರ, ಪ್ರಶ್ನೆ ಹೇಗೇ ಇರಲಿ. ಮರಾಠಿ, ಕೊಂಕಣಿ, ಹಿಂದಿಯವರೂ ನಮ್ಮಂತೆಯೇ ಉತ್ತರ ಕೊಡುತ್ತಾರೆ, ಹಾಗಾಗಿ ಇಡೀ ಕ್ಲಾಸು ಒಟ್ಟಿಗೆ ಎಡವುತ್ತದೆ.

ಇದಕ್ಕೆ ನಾವು ಎರಡೂ ಕಡೆ ಮದ್ದು ಮಾಡಿದ್ದೇವೆ. ಸೂಪರ್‌ವೈಸರ್‌ಗಳು ಈಗ ‘ಈಸ್ ಟೂ ಜೀರೋ ಫೋರ್ ರೆಡಿ?’ ಅಂತ ನೇರವಾಗಿ ಕೇಳುತ್ತಾರೆ. ಗೆಸ್ಟ್‌ಗಳಿಗೆ ‘ಹಾಗೆ ಕೇಳಿ’ ಅನ್ನಲು ಆಗುವುದಿಲ್ಲವಲ್ಲ, ಅದಕ್ಕೆ ಹುಡುಗರಿಗೆ ‘ಯೆಸ್’, ‘ನೋ’ ಎರಡನ್ನೂ ಬಿಡಿಸಿದ್ದೇನೆ. ‘ಇಟ್ಸ್ ನಾಟ್ ರೆಡಿ, ಸರ್. ಟೆನ್ ಮಿನಿಟ್ಸ್’ ಅಂತ ಪೂರ್ತಿ ವಾಕ್ಯ ಹೇಳುತ್ತಾರೆ.