ಹೊಗೆ ಸೇದೋನ ಹತ್ರಾನೇ ನಿಲ್ಲಲ್ವಲ್ಲ

"ಸೇದೋದು ಬಿಡೋದು ನನ್ನಿಷ್ಟ ಕಣೋ, ಸರ್ಕಾರ ಯಾರು ಕೇಳೋಕೆ" ಅಂತ ಫ್ರೆಂಡ್ ಒಬ್ಬ ನಿನ್ನೆ ವಾದ ಮಾಡ್ತಿದ್ದ, ಪಕ್ಕದಲ್ಲೇ ಅವನ ಪುಟ್ಟ ಮಗಳು ಫ್ರಾಕ್ ಅಂಚನ್ನ ಮೂಗಿಗೆ ಒತ್ಕೊಂಡು ಕೂತಿದ್ಲು. ಅರ್ಧ ಒಪ್ತೀನಿ, ದೊಡ್ಡೋರು ತಮ್ಮ ಮೈಗೆ ಏನ್ ಮಾಡ್ಕೊಂಡ್ರೂ ಅವರಿಷ್ಟ. ಆದ್ರೆ ಬೇರೆಯವರ ಹೊಗೆ ಕುಡಿದೇ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅವರಿಷ್ಟ ಯಾರು ಕೇಳಿದ್ರು? ಐರ್ಲೆಂಡಲ್ಲಿ 2004ರಲ್ಲಿ ಪಬ್ ಒಳಗೂ ಬ್ಯಾನ್ ಮಾಡಿದ್ರು, ಸೇದೋರು ಎದ್ದು ಹೊರಗೆ ಹೋಗಿ ಸೇದಿದ್ರು, ಅಷ್ಟು ನಿರ್ಬಂಧ ಇರ್ಲೇಬೇಕು ಅಂತೀನಿ. ಇನ್ನು ತಂಬಾಕಲ್ಲಿ ಚಟ ಹತ್ತಿಸೋ ನಿಕೋಟಿನ್... ಬಿಡ್ಬೇಕು ಅಂತ ಆ ಫ್ರೆಂಡೇ ಮೂರು ಸಲ ಟ್ರೈ ಮಾಡಿ ಸೋತಿದಾನೆ, ಅದನ್ನ ಸ್ವಾತಂತ್ರ್ಯ ಅನ್ನೋಕೆ ನಂಗೆ ಬಾಯಿ ಬರಲ್ಲ. ಅಷ್ಟರಲ್ಲಿ ಆ ಮಗು ಎದ್ದು ಹೋಗಿ ಕಿಟಕಿ ತೆಗೀತು.