ಗಿಫ್ಫೋ ಜಿಫ್ಫೋ: ಚಹಾದ ಹೊತ್ತಿನ ಜಗಳ ಟಿಕೆಟ್‌ಗೆ ಬಂದಾಗ

"ಅದು ಗಿಫ್ ಅಲ್ರೀ, ಜಿಫ್." ಹುಬ್ಬಳ್ಳಿಯ ಸಾಫ್ಟ್‌ವೇರ್ ಆಫೀಸುಗಳಲ್ಲಿ ಗಿರ್ಮಿಟ್, ಚಹಾ ಬಂತೆಂದರೆ ಚಲಿಸುವ ಚಿತ್ರಗಳ GIF ಕಡತದ ಹೆಸರನ್ನು ಹೇಗೆ ಅನ್ನಬೇಕೆಂಬ ಈ ಜಗಳವೂ ಬಂತು. ಜಿಫ್ ಅನ್ನುವವರ ಸಾಕ್ಷಿ ದೊಡ್ಡದು: 1987ರಲ್ಲಿ ಅಮೆರಿಕದ ಆನ್‌ಲೈನ್ ಸೇವಾ ಕಂಪನಿ ಕಂಪ್ಯುಸರ್ವ್‌ನಲ್ಲಿ ಈ ಫಾರ್ಮ್ಯಾಟ್ ಕಟ್ಟಿದ ಸ್ಟೀವ್ ವಿಲ್ಹೈಟ್ 2013ರಲ್ಲಿ ಇಂಟರ್ನೆಟ್ ಸಾಧನೆಗೆ ಕೊಡುವ ವೆಬ್ಬಿ ಪ್ರಶಸ್ತಿ ಪಡೆದಾಗಲೂ ಜಿಫ್ ಎಂದೇ ಹಟ ಹಿಡಿದರು. ಗಿಫ್ ಪಕ್ಷ 'ಗ್ರಾಫಿಕ್ಸ್'ನ ಗಕಾರ ತೋರಿಸುತ್ತದೆ. ಆ ವಾದ ನಿಲ್ಲಲ್ಲ ಬಿಡ್ರಿ. ಫೋಟೋ ಕಡತದ ಹೆಸರಾದ ಜೆಪೆಗ್‌ನ ಪಿ 'ಫೋಟೋಗ್ರಾಫಿಕ್'ನಿಂದ ಬಂದದ್ದು, ಜೆಫೆಗ್ ಅಂತ ಯಾರಂತಾರ?

ಡೇಟಾಬೇಸ್ ಭಾಷೆ SQL ಅನ್ನು ಸೀಕ್ವೆಲ್ ಅನ್ನುವವರನ್ನೂ ತಿದ್ದಬೇಕಿಲ್ಲ. 1970ರ ದಶಕದಲ್ಲಿ ಐಬಿಎಂನ ಚೇಂಬರ್ಲಿನ್, ಬಾಯ್ಸ್ ಇಟ್ಟ ಹೆಸರೇ ಅದು. ಟ್ರೇಡ್‌ಮಾರ್ಕ್ ತಕರಾರಿನಿಂದ ಮೂರಕ್ಷರಕ್ಕೆ ಇಳಿಯಿತು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಕೈಪಿಡಿಯಂತೂ ಬಿಡಿ ಅಕ್ಷರ ಓದಿ ಅನ್ನುತ್ತದೆ, ಮೈ ಸೀಕ್ವೆಲ್ ಅಂದರೆ ಬೇಜಾರಿಲ್ಲ ಅಂತಲೂ ಸೇರಿಸುತ್ತದೆ.

ತಮಾಷೆ ಮುಗಿಯುವುದು ಫೋನಿನಲ್ಲಿ. ಹಳೆಯ ಮಾದರಿಯ ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ ದಾಟಿಸುತ್ತದೆ. ಎಸ್, ಎಫ್‌ಗಳನ್ನು ಬೇರೆ ಮಾಡುವ ಸಪ್ಪಳ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಎರಡೂ ಒಂದೇ ಕೇಳುತ್ತವೆ. ಬಿ-ಡಿ-ಪಿ-ಟಿ, ಎಂ-ಎನ್, ಜಿ-ಜೆ ಜೋಡಿಗಳೂ ಫೋನಿನಲ್ಲಿ ಸುಲಭವಾಗಿ ಗೊಂದಲ ಮಾಡುತ್ತವೆ. ಕಡತ ಕಳಿಸಲು ಎಫ್‌ಟಿಪಿ ಬೇಕೋ ಸುರಕ್ಷಿತವಾದ ಎಸ್‌ಎಫ್‌ಟಿಪಿ ಬೇಕೋ ಎಂಬುದು ಕಿವಿಯ ಮೇಲೆ ಬಿಡುವ ವಿಷಯವಲ್ಲ. ಮೊದಲನೆಯದರ ಪೋರ್ಟ್, ಅಂದರೆ ಸರ್ವರ್‌ನಲ್ಲಿ ಅದರ ಬಾಗಿಲ ನಂಬರು, 21, ಎರಡನೆಯದರದು 22. ಹೆಸರಿನ ಜೊತೆ ಪೋರ್ಟ್ ನಂಬರನ್ನೂ ಹೇಳಿಸಿ. ಉಳಿದದ್ದಕ್ಕೆ ಅಕ್ಷರ ಬಿಡಿಸಿ ಹೇಳುವ ಆಲ್ಫಾ-ಬ್ರಾವೊ ಪದಗಳಿಗಿಂತ ನಮ್ಮ ಊರುಗಳೇ ಬೇಗ ನಾಲಿಗೆಗೆ ಬರುತ್ತವೆ: ಬಿ ಬ್ಯಾಡಗಿ, ಡಿ ಧಾರವಾಡ, ಜಿ ಗದಗ, ಜೆ ಜಮಖಂಡಿ, ಎಂ ಮುಂಡರಗಿ, ಎನ್ ನವಲಗುಂದ, ಎಸ್ ಸವಣೂರು. ಎಚ್‌ಗೆ ಹಾವೇರಿ, ಹುಬ್ಬಳ್ಳಿ ಎರಡೂ ಇವೆ, ಯಾವುದಾದರೂ ನಡೆಯುತ್ತದೆ. ಎಫ್‌ಗೆ ಊರಿಲ್ಲ, ಫ್ಯಾನ್ ಅಂದುಬಿಡಿ.

ಇದಕ್ಕಿಂತ ಕಾಣದ ತೊಡಕು ಕನ್ನಡದಲ್ಲಿ ಟಿಕೆಟ್, ಅಂದರೆ ದೋಷದ ದೂರು, ಬರೆಯುವಾಗಿನದು. ಇಂಗ್ಲಿಷಿನಲ್ಲಿ ಹೇಗೆ ಓದಿದರೂ ಬರಹ ಒಂದೇ. ಕನ್ನಡದಲ್ಲಿ ಬಾಯಿಯ ಜಗಳ ಲಿಪಿಗೇ ಇಳಿಯುತ್ತದೆ: ಒಬ್ಬರು ಸೀಕ್ವೆಲ್, ಇನ್ನೊಬ್ಬರು ಎಸ್‌ಕ್ಯೂಎಲ್, ಮತ್ತೊಬ್ಬರು ಎಸ್ಕ್ಯೂಎಲ್. ಕೊನೆಯ ಎರಡರ ನಡುವೆ ಇರುವುದು ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ, ಯುನಿಕೋಡ್‌ನಲ್ಲಿ 200ಸಿ. ಸರಳ ಹುಡುಕಾಟಕ್ಕೆ ಈ ಮೂರೂ ಬೇರೆ ಬೇರೆ ಪದ. ಹಳೆಯ ಟಿಕೆಟ್ ಇದ್ದರೂ ಸಿಗುವುದಿಲ್ಲ, ಅದೇ ದೋಷಕ್ಕೆ ಹೊಸ ಟಿಕೆಟ್ ಹುಟ್ಟುತ್ತದೆ. ಆದ್ದರಿಂದ ವಿವರಣೆ ಕನ್ನಡದಲ್ಲೇ ಇರಲಿ. ಪ್ಯಾಕೇಜ್, ಕಡತ, ಆಜ್ಞೆಗಳ ಹೆಸರು ಮಾತ್ರ ಮೂಲದ ಇಂಗ್ಲಿಷ್ ಅಕ್ಷರಗಳಲ್ಲಿ, ಪರದೆಯಿಂದ ಕಾಪಿ ಮಾಡಿ ಅಂಟಿಸಿದ್ದೇ ಆಗಿರಲಿ.

ಹೊಸಬರಿಗೆ ಮೊದಲೇ ಹೇಳಿಕೊಡಬೇಕಾದ್ದು ಎಂಜಿನ್-ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಹೆಸರು. ಕೇಳಿದಂತೆ ಟೈಪ್ ಮಾಡಿದರೆ ಲಿನಕ್ಸ್‌ನಲ್ಲಿ ತಂತ್ರಾಂಶ ತರಿಸುವ ಆಪ್ಟ್ ಆಜ್ಞೆ ಅಂಥ ಪ್ಯಾಕೇಜೇ ಇಲ್ಲ ಅನ್ನುತ್ತದೆ, ಅವರು ನೆಟ್‌ವರ್ಕ್ ಕೆಟ್ಟಿದೆ ಅಂದುಕೊಂಡು ರೌಟರ್ ಆಫ್ ಮಾಡಲು ಹೊರಡುತ್ತಾರೆ. ಅದರ ಬರಹ ಐದೇ ಅಕ್ಷರ: ಎನ್, ಜಿ, ಐ, ಎನ್, ಎಕ್ಸ್.