ಹೊಲವಿಲ್ಲದವರ ಎಳ್ಳಮಾವಾಸ್ಯೆ

ಗುರುಗ್ರಾಮದಲ್ಲಿ ಸಜ್ಜೆಗೆ ಬರವಿಲ್ಲ. ಹರಿಯಾಣದವರೂ ಚಳಿಗಾಲದಲ್ಲಿ ಸಜ್ಜೆ ರೊಟ್ಟಿ ತಿನ್ನುವವರೇ, ಹೀಗಾಗಿ ಎಳ್ಳಮಾವಾಸ್ಯೆಯ ಕಡುಬಿನ ಹಿಟ್ಟಿಗೆ ಚಿಂತೆಯಿಲ್ಲ. ಸೊಪ್ಪು, ಕಾಳು ಕೂಡಿಸಿ ಬೇಯಿಸುವ ಭಜ್ಜಿಗೆ ಬೇಕಾದ ಮೆಂತ್ಯೆ, ಪಾಲಕ, ಈರುಳ್ಳಿ ತಪ್ಪಲು, ಗಜ್ಜರಿ, ಹಸಿ ಕಡಲೆ ಎಲ್ಲವೂ ಸಂತೆಯಲ್ಲಿವೆ. ಹಸಿ ತೊಗರಿ ಮಾತ್ರ ಎಲ್ಲಿ ಹುಡುಕಿದರೂ ಇಲ್ಲ. ಕಲಬುರಗಿಯವರು ತೊಗರಿಯಿಲ್ಲದ ಭಜ್ಜಿ ಮಾಡುವುದು ಮರ್ಯಾದೆಯ ಪ್ರಶ್ನೆ. ಅದಕ್ಕೇ ಅವ್ವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವಾಗ ಬಟ್ಟೆಯ ಚೀಲದಲ್ಲಿ ತೊಗರಿಕಾಯಿ ತುಂಬಿಕೊಂಡಿದ್ದಳು. ಅದೇ ಚೀಲದ ತಳದಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ಮುತ್ಯಾನ, ಅಂದರೆ ನನ್ನ ಅಜ್ಜನ, ಫೋಟೊಗಳೂ ಬಂದವು.

ಎಳ್ಳಮಾವಾಸ್ಯೆ ರೈತರ ಹಬ್ಬ ಎಂದಾಗ ಕಚೇರಿಯ ಗೆಳೆಯರು ಊರಿನಲ್ಲಿ ಎಷ್ಟು ಎಕರೆ ಇದೆ ಎಂದು ಕೇಳುತ್ತಾರೆ. ಒಂದು ಗುಂಟೆಯೂ ಇಲ್ಲ. ಮುತ್ಯಾ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಗಣಿಯ ಕೂಲಿ. ಅಲ್ಲಿಯ ಸುಣ್ಣದ ಕಲ್ಲು ಪದರು ಪದರಾಗಿ ಮಲಗಿರುತ್ತದೆ. ಪದರಿನ ಸಂದು ನೋಡಿ ಉಳಿ ಇಟ್ಟು, ಹಾರೆ ಹಾಕಿ ಮೀಟಿದರೆ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ, ಅಗಲವಾಗಿ ಏಳುತ್ತದೆ; ಸಂದು ತಪ್ಪಿದರೆ ಚೂರು. ಚೂರಾದ ಕಲ್ಲಿಗೆ ಕೂಲಿಯಿಲ್ಲ. ಹೈದರಾಬಾದಿನ ನಿಜಾಮರ ಸ್ವಂತ ನಾಣ್ಯವಾದ ‘ಹಾಲಿ ಸಿಕ್ಕಾ’ ರೂಪಾಯಿಯಲ್ಲಿ ಕೂಲಿ ಎಣಿಸಿಕೊಂಡವನು ಅವನು. ನಿಜಾಮರ ಆಳ್ವಿಕೆ ಕೊನೆಗಾಣಿಸಿದ 1948ರ ಪೊಲೀಸ್ ಕಾರ್ಯಾಚರಣೆ ಮುಗಿದು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದೇ ಗಣಿಗೆ ಇಳಿಯುತ್ತಿದ್ದ.

ಮೂರೇ ಫೋಟೊ. ಒಂದು ಯಾರದೋ ಮದುವೆಯದು, ಅದರಲ್ಲಿ ಅವನ ಅರ್ಧ ಮುಖವಿದೆ. ಇನ್ನೊಂದು ಮನೆಯ ಬಾಗಿಲಲ್ಲಿ ಕುಳಿತದ್ದು. ಅದನ್ನು ದೊಡ್ಡದು ಮಾಡಿ ನೋಡಿದಾಗ ಕಂಡದ್ದು ಅವನ ಕಾಲಕೆಳಗಿನ ಸಗಣಿ ಸಾರಿಸಿದ ನೆಲ. ಊರವರ ಮನೆಗಳಿಗೆಲ್ಲ ಫರ್ಸಿ ಎಬ್ಬಿಸಿ ಕೊಟ್ಟವನ ಸ್ವಂತ ಪಡಸಾಲೆಗೆ ಕಲ್ಲು ಬಿದ್ದದ್ದು ಅಪ್ಪ ನೌಕರಿ ಹಿಡಿದ ಮೇಲೆ.

ಮೂರನೆಯದು ಗುಲಬರ್ಗಾದ ಸ್ಟುಡಿಯೊದ್ದು. ಹಿಂದೆ ಪರದೆಯ ಮೇಲೆ ಬಿಡಿಸಿದ ಕೆರೆ, ಹಂಸ; ಮುಂದೆ ಕೋಟು ತೊಟ್ಟ ಮುತ್ಯಾ. ಕೋಟು ಮೇಸ್ತ್ರಿಯಿಂದ ಕೇಳಿ ತಂದದ್ದು ಎಂದು ಅಪ್ಪ ಹೇಳುತ್ತಿದ್ದ. ಸ್ಟುಡಿಯೊದವರದೇ ಎಂದು ಸೋದರತ್ತೆ ಈಗಲೂ ಹಟ ಹಿಡಿಯುತ್ತಾಳೆ. ಕಲ್ಲು ಬಿದ್ದು ಜಜ್ಜಿದ ಬಲಗೈ ಹೆಬ್ಬೆರಳು ಕಾಣದಂತೆ ಕೈ ಜೇಬಿನಲ್ಲಿದೆ, ಅದರ ಬಗ್ಗೆ ಇಬ್ಬರಿಗೂ ತಕರಾರಿಲ್ಲ. ಫೋಟೊದ ಬೆನ್ನಿಗೆ ಉರ್ದುವಿನಲ್ಲಿ ಏನೋ ಬರೆದಿತ್ತು. ನಮ್ಮ ಮನೆಯಲ್ಲಿ ಓದಬಲ್ಲವರು ಯಾರೂ ಉಳಿದಿಲ್ಲ. ಲಖನೌದ ಸಹೋದ್ಯೋಗಿಯೊಬ್ಬರು ಓದಿ ಹೇಳಿದರು: ‘ಎರಡು ಪ್ರತಿ, ಒಂದು ರೂಪಾಯಿ ಬಾಕಿ.’ ಕವಿತೆಯ ಸಾಲೇನಾದರೂ ಇರಬಹುದೆಂದು ಕಾದಿದ್ದ ನನ್ನ ಹೆಂಡತಿಗೆ ನಿರಾಸೆಯಾಯಿತು. ನನಗೆ ಆ ಬಾಕಿಯೇ ಹಿಡಿಸಿತು. ಎರಡನೆಯ ಪ್ರತಿ ಮನೆಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಉತ್ತರವೂ ಸಿಕ್ಕಂತಾಯಿತು.

ಗಣಿಯಲ್ಲಿ ತೆಗೆದ ಫೋಟೊ ಒಂದೂ ಇಲ್ಲ. ಆ ಕಾಲಕ್ಕೆ ಕೂಲಿಯವರನ್ನು ನೋಡಲು ಕ್ಯಾಮೆರಾ ಹೊತ್ತು ಗಣಿಗೆ ಯಾರು ಇಳಿದಾರು?

ಹಬ್ಬಕ್ಕೆ ಮುತ್ಯಾನ ಮನೆಯವರು ಹೋಗುತ್ತಿದ್ದುದು ಪರಿಚಯದ ರೈತನೊಬ್ಬನ ಹೊಲಕ್ಕೆ, ಅವನದೇ ಬಂಡಿಯಲ್ಲಿ. ಪಾಂಡವರೆಂದು ಪೂಜಿಸುವ ಐದು ಕಲ್ಲು ಆರಿಸುವ ಕೆಲಸ ಮಾತ್ರ ಮುತ್ಯಾನದು. ರೈತ ಕೈಗೆ ಸಿಕ್ಕದ್ದನ್ನು ಇಟ್ಟರೆ ಒಪ್ಪುತ್ತಿರಲಿಲ್ಲವಂತೆ. ಅಲುಗಾಡದೆ ಕೂರುವ ಕಲ್ಲೇ ಬೇಕು.

ಈ ಸಲ ನಾವು ಸೋಹ್ನಾ ಕಡೆಯ ಒಂದು ಸಾಸಿವೆ ಹೊಲದ ಯಜಮಾನನನ್ನು ಕೇಳಿಕೊಂಡೆವು. ಅವ್ವನ ಕಲಬುರಗಿ ಹಿಂದಿ ಅವನಿಗೆ ಅರ್ಧ ತಿಳಿಯಿತು, ಕಡುಬಿನ ಬುತ್ತಿ ಉಳಿದರ್ಧ ತಿಳಿಸಿತು. ಮಗಳು ತಂದ ಕಲ್ಲುಗಳಲ್ಲಿ ಎರಡನ್ನು ಅವ್ವ ತಿರಸ್ಕರಿಸಿದಳು. ‘ನಿನ್ನ ಮುತ್ತಜ್ಜ ಇದ್ದಿದ್ದರೆ ಇವನ್ನು ಮುಟ್ಟುತ್ತಿರಲಿಲ್ಲ’ ಎಂದಳು. ಪೂಜೆಯಾಯಿತು. ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಹೊಲದ ನಾಲ್ಕು ಮೂಲೆಗೆ ಚರಗ, ಅಂದರೆ ಭೂತಾಯಿಗೆ ಮೀಸಲಿಟ್ಟ ತುತ್ತು, ಚೆಲ್ಲಿದೆವು. ಕೂಗಲು ಮೊದಮೊದಲು ನಾಚಿಕೆಯೆನಿಸಿದ್ದು ನನಗೊಬ್ಬನಿಗೇ.

ಊಟಕ್ಕೆ ಕುಳಿತಾಗ ಯಜಮಾನ ಕಲ್ಲುಗಳ ಪಕ್ಕ ಇಟ್ಟಿದ್ದ ಕೋಟಿನ ಫೋಟೊ ಎತ್ತಿ ನೋಡಿದ. ‘ದೊಡ್ಡ ಜಮೀನ್ದಾರರಿರಬೇಕು’ ಎಂದ.

‘ಹೌದು’ ಎಂದಳು ಅವ್ವ, ಒಂದು ಗಳಿಗೆಯೂ ಯೋಚಿಸದೆ. ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.